ಕಾರಿನ ಪ್ರೂಫ್ ತೆಗೆದ ಮೊಳೆಯಕ್ಕ

ಮೊಳೆಯಕ್ಕನ ಕಾರಿನ ಬಾನೆಟ್ ಮೇಲೆದ್ದಿತೆಂದರೆ ಆ ಬೀದಿಯ ಗಂಡಸರಿಗೆ ಮನೆಯೊಳಗೆ ಕಾಲು ನಿಲ್ಲುತ್ತಿರಲಿಲ್ಲ. ಹಲ್ಲುಜ್ಜುತ್ತಿದ್ದವನು ಬ್ರಷ್ಷನ್ನು ಬಾಯಲ್ಲಿ ಕಚ್ಚಿಕೊಂಡೇ ಬರುವನು. ಒಬ್ಬ ಬ್ಯಾಟರಿ ಅನ್ನುವನು, ಇನ್ನೊಬ್ಬ ಪೆಟ್ರೋಲಿಗೆ ನೀರು ಸೇರಿದೆ ಅನ್ನುವನು. ಸ್ವಂತ ಸೈಕಲ್ಲಿನ ಚೈನು ಕಳಚಿದರೆ ಏರಿಸಲು ಬಾರದವನೂ ಸೊಂಟಕ್ಕೆ ಕೈಯಿಟ್ಟು ಅವಳ ಎಂಜಿನ್ನಿಗೆ ಮದ್ದು ಹೇಳುವನು. ಅವಳು ಎಲ್ಲರ ಮಾತನ್ನೂ ಕೇಳುವಳು. ಕೇಳಿ ಮುಗಿದ ಮೇಲೆ, "ಆಯ್ತಾ? ಇನ್ನು ಸ್ವಲ್ಪ ಪಕ್ಕಕ್ಕೆ ಸರೀರಿ, ಬೆಳಕು ಬರ್ಲಿ" ಎನ್ನುವಳು.

ಅವಳಿಗೆ ಅರವತ್ಮೂರು. ಗಿಡ್ಡ ಆಳು, ಅಗಲ ಭುಜ. ಬಲಗೈಯ ಹೆಬ್ಬೆರಳ ತುದಿ ಮೂವತ್ತು ವರ್ಷ ಅಚ್ಚುಕೂಟದಲ್ಲಿ ಮೊಳೆ ಹಿಡಿದು ಹಿಡಿದು ಚಪ್ಪಟೆಯಾಗಿತ್ತು. ಮೊಳೆ ಎಂದರೆ ಅಕ್ಷರಕ್ಕೊಂದರಂತೆ ಎರಕ ಹೊಯ್ದ ಸೀಸದ ತುಂಡು. ಅದರ ತಲೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುವಾಗಿರುತ್ತದೆ, ಮಸಿ ಬಳಿದು ಕಾಗದಕ್ಕೆ ಒತ್ತಿದಾಗ ನೇರವಾಗುತ್ತದೆ. ಆ ತಿರುವು ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟುವುದೇ ಅವಳ ಕೆಲಸ. ಉಳಿದವರು ನೇರ ಅಕ್ಷರ ಓದುವಷ್ಟೇ ಸಲೀಸಾಗಿ ಅವಳು ತಿರುವನ್ನು ಓದುವಳು. ಅಚ್ಚುಕೂಟ ಮುಚ್ಚಿ ಹದಿನೇಳು ವರ್ಷವಾಗಿದ್ದರೂ ಜನರ ಬಾಯಲ್ಲಿ ಅವಳು ಮೊಳೆಯಕ್ಕನೇ.

ಮನೆಯಲ್ಲಿ ಅವಳು ಮತ್ತು ಅವಳ ನಾದಿನಿ. ಗಂಡ ಸತ್ತು ಬಹಳ ವರ್ಷವಾಗಿತ್ತು. ಅವನು ಹೋದ ಮೇಲೆ ಅವನ ತಂಗಿ ಹೋಗಲಿಲ್ಲ, ಇವಳು ಹೋಗೆನ್ನಲೂ ಇಲ್ಲ. ಇಬ್ಬರೂ ಮುಂದಿನ ಕೋಣೆಯಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಿದ್ದರು. ಶಾಲೆಗಳ ಹಾಜರಿ ಪುಸ್ತಕ, ಲೈಬ್ರರಿಗಳ ಬೆನ್ನು ಬಿದ್ದ ಪುಸ್ತಕ, ಕಚೇರಿಗಳ ದಪ್ಪ ರಿಜಿಸ್ಟರು. ನಾದಿನಿ ಹೊಲಿಯುವಳು, ಇವಳು ರಟ್ಟು ಕತ್ತರಿಸಿ ಅಂಟು ಬಳಿಯುವಳು. ಕಟ್ಟು ಕಟ್ಟಿದ್ದನ್ನು ಕಾರಿನ ಹಿಂದಿನ ಸೀಟಿಗೆ ತುಂಬಿ ವಾರಕ್ಕೆ ಮೂರು ದಿನ ಊರು ಸುತ್ತುವರು. ಬಸ್ಸಿನವರು ಅಂಥ ಕಟ್ಟುಗಳನ್ನು ಹತ್ತಿಸಿಕೊಳ್ಳರು. ಬೇರೆ ಗಾಡಿ ಹಿಡಿದರೆ ಗಿಟ್ಟದು. ಕಾರಿದ್ದರೆ ಕೆಲಸ, ಇಲ್ಲದಿದ್ದರೆ ಇಬ್ಬರು ಹೆಂಗಸರು ಗೋಡೆ ನೋಡುತ್ತ ಕೂರಬೇಕು. ಲೆಕ್ಕ ಅಷ್ಟು ಸರಳ.

ಆ ಕಾರಿಗೆ ಈಗ ಕೊನೆಯ ನೋಟಿಸು ಬಂದಿತ್ತು. ಹಳೆಯ ವಾಹನಗಳು ವರ್ಷಕ್ಕೊಮ್ಮೆ ತಪಾಸಣೆಯಲ್ಲಿ ಪಾಸಾಗಬೇಕು, ಮೂರು ಅವಕಾಶ, ಮೂರರಲ್ಲೂ ಬಿದ್ದರೆ ನಂಬರ್ ಪ್ಲೇಟು ಕಿತ್ತು ಗಾಡಿಯನ್ನು ನೇರ ಗುಜರಿ ಅಂಗಳಕ್ಕೆ ಕಳಿಸುತ್ತಾರೆ. ಅಲ್ಲಿ ಒಂದು ದೊಡ್ಡ ಯಂತ್ರ ಕಾರನ್ನು ಹಿಂಡಿ ಪೆಟ್ಟಿಗೆಯಷ್ಟು ಮಾಡುತ್ತದೆ. ಮೊದಲ ಸಲ ಹೊಗೆ ಹೆಚ್ಚೆಂದು ಬಿತ್ತು. ಎರಡನೆಯ ಸಲ ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯಲಿಲ್ಲ. ಎರಡನ್ನೂ ಅವಳು ತಾನೇ ಸರಿ ಮಾಡಿದಳು. ಮೂರನೆಯದು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ. ಗಾಡಿ ತನ್ನ ಕಾಲ ಮೇಲೆ ತಾನು ಬರಬೇಕು, ಎಳೆದುಕೊಂಡು ಬಂದರೆ ಒಳಗೆ ಬಿಡುವುದಿಲ್ಲ ಎಂದು ನೋಟಿಸಿನ ಕೆಳಗೆ ದಪ್ಪಕ್ಷರದಲ್ಲಿ ಬರೆದಿತ್ತು.

ಕಾರು ಅವಳ ಕೈಗೆ ಬಂದ ಕತೆಯನ್ನೂ ಹೇಳಬೇಕು. ಅಚ್ಚುಕೂಟ ಮುಚ್ಚುತ್ತೇನೆಂದು ಮಾಲೀಕ ಹೊರಟಾಗ ಕೆಲಸಗಾರರು ನಲವತ್ತೊಂದು ದಿನ ಗೇಟಿನ ಮುಂದೆ ಕೂತರು. ಮೊಳೆಯಕ್ಕ ಆ ನಲವತ್ತೊಂದು ದಿನವೂ ಇದ್ದಳು. ಭಾಷಣ ಮಾಡಲಿಲ್ಲ. ಭಾಷಣ ಮಾಡುವವರು ಮಧ್ಯಾಹ್ನ ಊಟಕ್ಕೆ ಹೋದಾಗ ಗೇಟು ಕಾಯುತ್ತಿದ್ದವಳು ಅವಳು. ಮುಷ್ಕರ ಗೆಲ್ಲಲಿಲ್ಲ. ಆದರೆ ಮಾಲೀಕ ಒಳಗಿನ ಸಾಮಾನನ್ನು ಸಾಗಿಸುವಂತೆಯೂ ಆಗಲಿಲ್ಲ. ಕೊನೆಗೆ ಎಲ್ಲವನ್ನೂ ಕೆಲಸಗಾರರೇ ಚೀಟಿ ಎತ್ತಿ ಹಂಚಿಕೊಂಡರು. ಒಬ್ಬನಿಗೆ ಕಾಗದ ಕತ್ತರಿಸುವ ಯಂತ್ರ, ಒಬ್ಬನಿಗೆ ಕಾಲಲ್ಲಿ ತುಳಿದು ಅಚ್ಚು ಹೊಡೆಯುವ ಟ್ರೆಡಲ್, ಒಬ್ಬನಿಗೆ ಮಾಲೀಕನ ತಿರುಗುವ ಕುರ್ಚಿ. ಮೊಳೆಯಕ್ಕನ ಚೀಟಿಯಲ್ಲಿ ಹಿತ್ತಲಿನಲ್ಲಿ ಆರು ವರ್ಷದಿಂದ ಕೊಳೆಯುತ್ತಿದ್ದ ಕಾರು ಬಂತು. ಎರಡು ಬಾಗಿಲು, ದುಂಡು ಬೆನ್ನು, ಕಪ್ಪೆಗಣ್ಣಿನಂಥ ದೀಪಗಳು. ನಾಲ್ಕೂ ಟೈರು ನೆಲಕ್ಕೆ ಅಂಟಿದ್ದವು. ಎಂಜಿನ್ನು ಒಳಗೇ ಹಿಡಿದುಕೊಂಡು ಒಂದಿಷ್ಟೂ ತಿರುಗುತ್ತಿರಲಿಲ್ಲ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೈಕಲ್ಲನ್ನೂ ತುಳಿದು ಗೊತ್ತಿಲ್ಲದ ನಲವತ್ತಾರರ ಹೆಂಗಸಿಗೆ ಕಾರು!

"ನಕ್ಕಿದ್ದಾಯ್ತಾ? ಈಗ ತಳ್ಳಿ" ಎಂದಳು. ನಕ್ಕವರೇ ಅವಳ ಮನೆಯವರೆಗೆ ತಳ್ಳಿದರು.

ಕಾರಿನ ಮುಂದಿನ ಖಾನೆಯಲ್ಲಿ ಒಂದು ಕೈಪಿಡಿ ಸಿಕ್ಕಿತು. ಮೊದಲ ಮೂವತ್ತೊಂಬತ್ತು ಪುಟಗಳನ್ನು ಗೆದ್ದಲು ತಿಂದು ಮುಗಿಸಿತ್ತು. ಹಾಗಾಗಿ ಕಾರನ್ನು ಓಡಿಸುವುದು ಹೇಗೆ ಎನ್ನುವುದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಅವಳು ಕಲಿತಳು. ಪ್ಲಗ್ಗುಗಳ ತೂತಿಗೆ ಸೀಮೆಎಣ್ಣೆ, ಎಂಜಿನ್ ಆಯಿಲ್ ಬೆರೆಸಿ ಹೊಯ್ದು ಎಂಟು ದಿನ ಕಾದಳು. ಆಮೇಲೆ ಗೇರಿನಲ್ಲಿಟ್ಟು, ನಾದಿನಿಯನ್ನು ಮುಂದೆ ನಿಲ್ಲಿಸಿ, ತಾನು ಹಿಂದೆ ನಿಂತು, ಹಟಮಾರಿ ಹಸುವನ್ನು ಎಬ್ಬಿಸುವ ಹಾಗೆ ಕಾರನ್ನು ಹಿಂದಕ್ಕೂ ಮುಂದಕ್ಕೂ ಅಲುಗಾಡಿಸಿದಳು. ಒಂಬತ್ತನೆಯ ದಿನ ಒಳಗಿನಿಂದ 'ಟಕ್' ಎಂದಿತು. ಎಂಜಿನ್ನು ಬಿಟ್ಟುಕೊಂಡಿತ್ತು. ಕಾರು ಓಡಿಸಲು ಕಲಿತದ್ದು ಅದಾಗಿ ವರ್ಷದ ಮೇಲೆ.

ಅವಳ ರಿಪೇರಿಯ ರೀತಿ ಬೇರೆ ಯಾವ ಮೆಕ್ಯಾನಿಕ್ಕನದೂ ಅಲ್ಲ. ಅಚ್ಚುಕೂಟದಿಂದ ತಂದ ಮರದ ಕೇಸು, ಅಂದರೆ ಮೊಳೆಗಳನ್ನು ಇಡುತ್ತಿದ್ದ ಗೂಡುಗೂಡಿನ ತಟ್ಟೆ, ಕಾರಿನ ಪಕ್ಕದಲ್ಲಿರುವುದು. ಬಿಚ್ಚಿದ ಒಂದೊಂದು ನಟ್ಟಿಗೂ ಒಂದೊಂದು ಗೂಡು. ಮತ್ತೆ ಹಾಕುವಾಗ ಕಣ್ಣು ಎಂಜಿನ್ನಿನ ಮೇಲೆ, ಕೈ ತಾನಾಗಿ ಗೂಡಿಗೆ. ಕಿಡಿ ಹುಟ್ಟಿಸುವ ಪಾಯಿಂಟಿನ ಸಂದು ಅಳೆಯಲು ಗ್ಯಾರೇಜಿನವರು ಉಕ್ಕಿನ ಪಟ್ಟಿ ಇಟ್ಟುಕೊಂಡರೆ ಇವಳದು ಒಂದು ಹಳೆಯ ವಿಸಿಟಿಂಗ್ ಕಾರ್ಡು. ಕಾಗದದ ದಪ್ಪ ಅವಳ ಹೆಬ್ಬೆರಳಿಗೆ ಗೊತ್ತು. ಬೀದಿ ತುದಿಯ ಗ್ಯಾರೇಜಿನವನು ಒಮ್ಮೆ ಪಂಥ ಕಟ್ಟಿ ತನ್ನ ಪಟ್ಟಿ ತಂದು ಅಳೆದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಆವತ್ತು ಅವನು ಚಹಾ ಕುಡಿಯದೆ ಹೋದ.

ಎಲ್ಲಕ್ಕಿಂತ ಹೆಚ್ಚಾಗಿ, ಅವಳು ಬಿಚ್ಚಿದ ಭಾಗಗಳ ಪ್ರೂಫ್ ತೆಗೆಯುತ್ತಿದ್ದಳು. ಅಚ್ಚುಕೂಟದಲ್ಲಿ ಪುಟ ಕಟ್ಟಿದ ಮೇಲೆ ಮಸಿ ಬಳಿದು ಒಂದು ಕಾಗದಕ್ಕೆ ಒತ್ತಿ ನೋಡುವುದಿಲ್ಲವೇ, ಹಾಗೆ. ಪಂಪಿನ ಮುಖವಿರಲಿ, ಗೇರ್‌ಪೆಟ್ಟಿಗೆಯ ಮುಚ್ಚಳವಿರಲಿ, ಕಾರ್ಬೊರೇಟರಿನ ತಳವಿರಲಿ, ಒರೆಸಿ, ಅಚ್ಚಿನ ಮಸಿ ಬಳಿದು, ದಪ್ಪ ಕಾಗದಕ್ಕೆ ಒತ್ತಿ, ತೂತು ತೂತಿಗೂ ನಂಬರು ಹಾಕಿ ಗೋಡೆಗೆ ಚುಚ್ಚುವಳು. ಎರಡು ಭಾಗಗಳ ನಡುವೆ ಕೂರುವ ತೆಳು ಗ್ಯಾಸ್ಕೆಟ್ ಹರಿದರೆ ಅದೇ ಗುರುತಿನ ಮೇಲೆ ಹೊಸದನ್ನು ಕತ್ತರಿಸುವಳು. ಹಿಂದಿನ ಕೋಣೆಯ ಗೋಡೆ ತುಂಬ ಅಂಥ ಕಪ್ಪು ಗುರುತುಗಳು. ಕಾರನ್ನೇ ಕುಯ್ದು ಗೋಡೆಗೆ ಒಣಹಾಕಿದ ಹಾಗೆ ಕಾಣುವುದು. "ಕಾಗದದ ಮೇಲೆ ಬಂತಲ್ಲ, ಮುಗೀತು. ಕಾಗದ ಸುಳ್ಳು ಹೇಳಲ್ಲ" ಎನ್ನುವುದು ಅವಳ ಮಾತು. ಮೂವತ್ತು ವರ್ಷ ಅದನ್ನೇ ನಂಬಿ ಅನ್ನ ತಿಂದವಳು.

ಬುಧವಾರ ಮಧ್ಯಾಹ್ನ ಅವಳು ಡಿಸ್ಟ್ರಿಬ್ಯೂಟರಿಗೆ ಕೈ ಹಾಕಿದಳು.

ನಾಲ್ಕು ಪ್ಲಗ್ಗುಗಳಿಗೆ ಸರದಿ ಪ್ರಕಾರ ಕಿಡಿ ಹಂಚುವುದು ಡಿಸ್ಟ್ರಿಬ್ಯೂಟರಿನ ಕೆಲಸ. ಅದರ ತಲೆಯ ಮೇಲೆ ಅಂಗೈಯಗಲದ ಕಪ್ಪು ಟೋಪಿ. ಟೋಪಿಯ ನಡುವೆ ಒಂದು ಕೊಂಬು, ಸುತ್ತ ನಾಲ್ಕು. ಆ ನಾಲ್ಕರಿಂದ ನಾಲ್ಕು ವೈರುಗಳು ಪ್ಲಗ್ಗುಗಳಿಗೆ ಹೋಗುತ್ತವೆ. ತಣ್ಣನೆಯ ಬೆಳಗಿನಲ್ಲಿ ಕಾರು ಒಂದೆರಡು ಸಲ ಕೆಮ್ಮುತ್ತಿತ್ತು. ಟೋಪಿಯನ್ನು ಬಿಚ್ಚಿ ನೋಡಿದರೆ ಒಳಗೆ ಪೆನ್ಸಿಲ್ಲಿನಲ್ಲಿ ಗೀಚಿದಂಥ ಒಂದು ಸಣ್ಣ ಬಿರುಕು. ಕಿಡಿ ಆ ಬಿರುಕಿನ ದಾರಿ ಹಿಡಿದು ಸೋರುತ್ತಿತ್ತು. ಮೂರು ವಾರ ಕಾದ ಮೇಲೆ ಹೊಸ ಟೋಪಿ, ಹೊಸ ವೈರು ಎರಡೂ ಅವತ್ತು ಬಂದಿದ್ದವು.

"ನಾಳೆ ತಪಾಸಣೆ ಇಟ್ಕೊಂಡು ಇವತ್ತು ಹೊಟ್ಟೆ ಕುಯ್ತೀಯಲ್ಲ ಅತ್ತಿಗೆ" ಎಂದಳು ನಾದಿನಿ. ಅವಳ ಬಾಯಲ್ಲಿ ಸೂಜಿಯಿತ್ತು. ಸೂಜಿ ಕಚ್ಚಿಕೊಂಡೂ ಅವಳು ಚೆನ್ನಾಗಿಯೇ ಬೈಯಬಲ್ಲಳು.

"ನಾಳೆ ಅಲ್ಲಿ ಹೋಗಿ ಕೆಮ್ಮಿದ್ರೆ?"

"ಕೆಮ್ಮಿದ್ರೆ ನೆಗಡಿ ಅಂತ ಹೇಳು."

"ನೀನು ಹೊಲಿಗೆ ನೋಡ್ಕೊಳ್ಳೇ."

ಹಿಂದೆಲ್ಲ ವೈರು ಹಾಳಾದಾಗ ಅವಳು ಒಂದನ್ನು ತೆಗೆದು ಒಂದನ್ನು ಹಾಕುವಳು. ತಪ್ಪಲು ಜಾಗವೇ ಇರುತ್ತಿರಲಿಲ್ಲ. ಈ ಸಲ ಟೋಪಿಯೇ ಬದಲಾಗಬೇಕಾದ್ದರಿಂದ ಎಲ್ಲ ವೈರುಗಳನ್ನೂ ಒಟ್ಟಿಗೆ ಕೀಳಬೇಕಾಯಿತು. ಅವಳೇನು ಕಣ್ಣು ಮುಚ್ಚಿ ಕೀಳುವವಳಲ್ಲ. ಕೀಳುವ ಮೊದಲು ಕೊಂಬು ಕೊಂಬಿಗೂ ಅದರ ವೈರು ಹೋಗುವ ಪ್ಲಗ್ಗಿನ ನಂಬರನ್ನು ಪೆನ್ಸಿಲ್ಲಿನಲ್ಲಿ ಬರೆದಳು. ಆಮೇಲೆ ವೈರು ಕಿತ್ತು, ಕೊಂಬುಗಳ ತುದಿಗೆ ಮಸಿ ಬಳಿದು, ಟೋಪಿಯನ್ನು ಬೋರಲಾಗಿ ಕಾಗದಕ್ಕೆ ಒತ್ತಿ, ಎತ್ತುವ ಮೊದಲೇ ಬೆಂಕಿಕಡ್ಡಿಯನ್ನು ಮಸಿಯಲ್ಲಿ ಅದ್ದಿ ಒಂದೊಂದು ಉಂಗುರದ ಪಕ್ಕಕ್ಕೂ ಅದರದರ ನಂಬರು ಬರೆದಳು. ಪ್ರೂಫ್ ಚೊಕ್ಕವಾಗಿ ಬಂತು. ಗೋಡೆಗೆ ಚುಚ್ಚಿದಳು. ಹಳೆಯ ಟೋಪಿಗೆ ಮೆತ್ತಿದ್ದ ಮಸಿಯನ್ನು ಸೀಮೆಎಣ್ಣೆಯಲ್ಲಿ ಒರೆಸಿದಳು. ಮಸಿಯ ಜೊತೆ ಪೆನ್ಸಿಲ್ ಗುರುತೂ ಹೋಯಿತು. ಹೋದರೆ ಹೋಗಲಿ, ಕಾಗದವಿದೆಯಲ್ಲ!

ಗೋಡೆ ನೋಡಿಕೊಂಡು ಹೊಸ ಟೋಪಿಗೆ ಹೊಸ ವೈರು ಸಿಕ್ಕಿಸಿದಳು. ಚಾವಿ ತಿರುಗಿಸಿದಳು.

ಕಾರು ಢಬ್ಬೆಂದಿತು. ಕಾರ್ಬೊರೇಟರಿನ ಬಾಯಿಂದ ಒಂದು ಬೆಂಕಿಯ ನಾಲಿಗೆ ಚಾಚಿ ಒಳಗೆ ಹೋಯಿತು. ಎದುರು ಮನೆಯ ಮಾಡಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿದವು. ಎಂಜಿನ್ನು ಮೈಯೆಲ್ಲ ನಡುಗಿಸಿ, ಇನ್ನೊಂದು ಸಲ ಢಬ್ಬೆಂದು, ಸುಮ್ಮನಾಯಿತು. ಅಷ್ಟು ಸಾಕಿತ್ತು ಬೀದಿಗೆ. ಬ್ರಷ್ಷಿನವನು ಬಂದ, ಬ್ಯಾಟರಿಯವನು ಬಂದ, ಪೆಟ್ರೋಲಿಗೆ ನೀರು ಹಾಕುವವನೂ ಬಂದ. ಗ್ಯಾರೇಜಿನವನು ಬಂದದ್ದು ಎಲ್ಲರ ಹಿಂದೆ, ಕೈ ಒರೆಸಿಕೊಳ್ಳುತ್ತ. ಯಾವ ಗಾಡಿ ಕಂಡರೂ "ಅಡ್ಮಿಟ್ ಮಾಡಿ" ಎನ್ನುತ್ತಿದ್ದುದರಿಂದ ಅವನಿಗೆ ಡಾಕ್ಟ್ರು ಎಂದೇ ಹೆಸರು. ಒಳ್ಳೆಯವನೇ. ಆದರೆ ಈಗ ಅವನ ಹತ್ತಿರ ಬರುವ ಕಾರುಗಳಿಗೆ ಈ ಟೋಪಿಯೂ ಇಲ್ಲ, ಕಾರ್ಬೊರೇಟರೂ ಇಲ್ಲ. ಅವನು ಕಂಪ್ಯೂಟರಿನ ವೈರು ಚುಚ್ಚಿ ಪರದೆ ನೋಡಿ ರೋಗ ಹೇಳುವವನು.

"ಏನಕ್ಕಾ, ಯುದ್ಧ ಶುರು ಮಾಡಿದ್ರಾ?"

"ನೋಡು ಬಾ. ಟೋಪಿ, ವೈರು ಬದಲಾಯಿಸ್ದೆ. ಹೀಗಾಯ್ತು."

"ವೈರು ಹಿಂದೆ ಮುಂದೆ ಮಾಡಿದ್ದೀರೇನೋ."

ಮೊಳೆಯಕ್ಕನಿಗೆ ರೇಗಿತು. ಒಳಗೆ ಹೋಗಿ ಗೋಡೆಯಿಂದ ಕಾಗದ ಕಿತ್ತು ತಂದು ಅವನ ಮುಖದ ಮುಂದೆ ಹಿಡಿದಳು. "ತಗೋ. ಬಿಚ್ಚೋಕೆ ಮುಂಚೆ ಹೇಗಿತ್ತೋ ಹಾಗೇ ತೆಗೆದಿರೋದು. ಸೇರಿಸಿ ನೋಡು."

ಡಾಕ್ಟ್ರು ಕಾಗದ ನೋಡಿದ, ಟೋಪಿ ನೋಡಿದ, ಮತ್ತೆ ಕಾಗದ ನೋಡಿದ. ಎರಡೂ ಒಂದಕ್ಕೊಂದು ತಾಳೆಯಾದವು. "ಹೌದಕ್ಕ. ವೈರಿಂದಲ್ಲ ಹಂಗಾದ್ರೆ. ಕಾರ್ಬೊರೇಟರು ಹೋಗಿದೆ. ವಾಲ್ವೂ ಕೂತಿರಬಹುದು. ಅಡ್ಮಿಟ್ ಮಾಡಿ."

"ಎಷ್ಟು ದಿನ?"

"ನಾಲ್ಕೈದು ದಿನ."

"ನಾಳೆ ಹನ್ನೊಂದಕ್ಕೆ ಇದು ಅಲ್ಲಿರ್ಬೇಕು ಕಣಯ್ಯ."

ಅವನು ತಲೆ ಕೆರೆದುಕೊಂಡ. "ಬೇಜಾರು ಮಾಡ್ಕೋಬೇಡಿ ಅಕ್ಕಾ. ಇದಕ್ಕೂ ವಯಸ್ಸಾಯ್ತು."

"ನನಗೂ ಆಯ್ತು. ನನ್ನನ್ನೂ ಹಿಂಡಿಸಿ ಪೆಟ್ಟಿಗೆ ಮಾಡಿಸ್ತೀಯಾ?" ಎಂದಳು. ಬೀದಿ ನಕ್ಕಿತು. ಅವಳು ನಗಲಿಲ್ಲ.

ಸಂಜೆಯವರೆಗೆ ಕಾರ್ಬೊರೇಟರನ್ನು ಬಿಚ್ಚಿ, ಊದಿ, ತೊಳೆದು ಕೂರಿಸಿದಳು. ಢಬ್. ಹೊತ್ತು ಮುಳುಗಿತು. ಬೆಳಕು ಹೋದ ಮೇಲೆ ಮೊಳೆಗೂ ಕೈ ಹಾಕಬಾರದು, ಎಂಜಿನ್ನಿಗೂ ಕೈ ಹಾಕಬಾರದು ಎನ್ನುವುದು ಅವಳ ಕಟ್ಟಳೆ. ಬಾನೆಟ್ ಮುಚ್ಚಿ, ಉಂಡು, ಮಲಗಿದಳು. ನಿದ್ದೆಯೂ ಮಾಡಿದಳು. ಗೊರಕೆ ನಾದಿನಿಗೆ ಕೇಳಿಸಿತ್ತು.

ಗುರುವಾರ ಬೆಳಿಗ್ಗೆ ಆರೂವರೆಗೆ ಮತ್ತೆ ಎಂಜಿನ್ನಿನ ಮೇಲೆ ಬಾಗಿದಳು. ವಿಸಿಟಿಂಗ್ ಕಾರ್ಡು ಹಾಕಿ ಪಾಯಿಂಟ್ ನೋಡಿದಳು, ಸರಿಯಿತ್ತು. ನಾಲ್ಕು ಪ್ಲಗ್ಗುಗಳನ್ನೂ ಹೊರಗೆ ತೆಗೆದು ನಾದಿನಿಗೆ ಚಾವಿ ತಿರುಗಿಸಲು ಹೇಳಿದಳು. ನಾಲ್ಕರಲ್ಲೂ ನೀಲಿ ಕಿಡಿ ಚಟಚಟ ಹಾರಿತು. ಪೆಟ್ರೋಲು ಬರುತ್ತಿತ್ತು. ಗಾಳಿ ಹೋಗುತ್ತಿತ್ತು. ಒಂದೊಂದನ್ನೇ ವಿಚಾರಿಸಿದರೆ ಎಲ್ಲವೂ ನೆಟ್ಟಗಿದ್ದವು. ಒಟ್ಟು ಸೇರಿದರೆ ಢಬ್. ಇಂಥ ಕಮಿಟಿಗಳನ್ನು ಅವಳು ಮುಷ್ಕರದ ದಿನಗಳಲ್ಲಿ ಕಂಡಿದ್ದಳು.

ಎಂಟಾಯಿತು. ಎಂಟೂವರೆಯಾಯಿತು. ಶಾಲೆಯೊಂದಕ್ಕೆ ಹೋಗಬೇಕಿದ್ದ ಹದಿನಾಲ್ಕು ರಿಜಿಸ್ಟರುಗಳು ಬಾಗಿಲ ಪಕ್ಕ ಕಟ್ಟಾಗಿ ಕೂತಿದ್ದವು. ನಾದಿನಿ ಬಂದು ಗೋಡೆಗೊರಗಿ ನಿಂತಳು. ಈಗ ಅವಳ ಬಾಯಲ್ಲಿ ಸೂಜಿಯೂ ಇರಲಿಲ್ಲ, ಕುಹಕವೂ ಇರಲಿಲ್ಲ.

"ಅತ್ತಿಗೆ, ಹೋದ್ರೆ ಹೋಗ್ಲಿ ಬಿಡು. ಹೊಲಿಗೆ ಮೆಷಿನ್ನಿದೆ. ಇನ್ನೇನಾದ್ರೂ ಹೊಲಿಯೋಣ."

"ಏನು ಹೊಲೀತೀಯಾ? ನನ್ನ ಬಾಯಿನಾ?"

"ಅದಕ್ಕೆ ದಾರ ಸಾಲಲ್ಲ."

ಮೊಳೆಯಕ್ಕ ಎದ್ದು ಒಳಗೆ ಹೋದಳು. ಕಾಗದವನ್ನು ಮತ್ತೆ ಗೋಡೆಗೆ ಚುಚ್ಚಿದ್ದಳು. ಅದರ ಮುಂದೆ ನಿಂತು ಮತ್ತೊಂದು ಸಲ ಓದಿದಳು. ಒಂದು, ಅದರ ಬಲಕ್ಕೆ ಎರಡು, ಕೆಳಗೆ ನಾಲ್ಕು, ಎಡಕ್ಕೆ ಮೂರು. ಹೊರಗೆ ಟೋಪಿಯ ಮೇಲೂ ಹಾಗೇ ಇತ್ತು. ಎಲ್ಲಿ ತಪ್ಪು? ಸಿಟ್ಟು ನೆತ್ತಿಗೇರಿ, "ಥೂ ನಿನ್ನ!" ಎಂದು ಆ ಕಾಗದಕ್ಕೆ ಅಂಗೈಯಿಂದ ಒಂದು ಬಾರಿಸಿದಳು. ಗೋಡೆಯ ಸುಣ್ಣ ಉದುರಿತು.

"ಅದೇನು ಮಾಡ್ತು ನಿಂಗೆ, ಪಾಪ" ಎಂದಳು ನಾದಿನಿ ಹೊರಗಿನಿಂದ. "ಕೈಯೆಲ್ಲ ಮಸಿ ಆಯ್ತಲ್ಲ, ತೊಳ್ಕೊಂಡು ಬಾ. ಹಾಗೇ ಸ್ಟೀರಿಂಗ್ ಮುಟ್ಬೇಡ, ಮೊನ್ನೆ ತಾನೇ ಒರ್ಸಿದೀನಿ."

ಹದಿನೇಳು ವರ್ಷದ ಹಳೆಯ ಅಚ್ಚಿನ ಮಸಿ, ಅಂಟಿನಷ್ಟು ದಪ್ಪ. ರಾತ್ರಿ ಕಳೆದರೂ ಒಣಗಿರಲಿಲ್ಲ. ಅವಳು ನಲ್ಲಿಯ ಕೆಳಗೆ ಕೈ ಹಿಡಿದು, ತಿರುಗಿಸಲು ಹೋಗಿ, ನಿಲ್ಲಿಸಿದಳು. ಅಂಗೈಯ ಮೇಲೆ ಐದು ಕಪ್ಪು ಉಂಗುರಗಳು. ನಾಲ್ಕರ ಪಕ್ಕ ನಂಬರು. ಬೇರೆ ಯಾರೇ ಆಗಿದ್ದರೂ ಆ ತಿರುಗುಮುರುಗು ಗೀಟುಗಳನ್ನು ಮಸಿಯೆಂದು ತೊಳೆದುಬಿಡುತ್ತಿದ್ದರು. ಅವಳು ಮಾತ್ರ ಸಲೀಸಾಗಿ ಓದಿದಳು. ಒಂದು, ಅದರ ಬಲಕ್ಕೆ ಮೂರು, ಕೆಳಗೆ ನಾಲ್ಕು, ಎಡಕ್ಕೆ ಎರಡು.

ಕಾಗದದಲ್ಲಿ ಬಲಕ್ಕಿದ್ದದ್ದು ಎರಡು. ಕೈಯಲ್ಲಿ ಬಲಕ್ಕಿರುವುದು ಮೂರು.

ನಲ್ಲಿಯ ಮುಂದೆ ಅವಳು ಎಷ್ಟು ಹೊತ್ತು ನಿಂತಳೆಂದರೆ ನಾದಿನಿ ಓಡಿ ಬಂದಳು, ಏನಾದರೂ ಆಯಿತೇನೋ ಎಂದು.

"ಮೂವತ್ತು ವರ್ಷ ಕಣೇ" ಎಂದಳು ಮೊಳೆಯಕ್ಕ. "ಮೂವತ್ತು ವರ್ಷ ಮೊಳೆ ತಿರುವು, ಕಾಗದ ನೇರ. ಈ ಟೋಪಿ ಮೊಳೆಯಲ್ಲ. ಇದು ಮೊದಲೇ ನೇರ. ಬೋರಲು ಹಾಕಿ ಒತ್ತಿದ್ರೆ ಕಾಗದಾನೇ ತಿರುವು! ಆ ತಿರುವನ್ನ ನೋಡ್ಕೊಂಡು ವೈರು ಹಾಕಿದೀನಿ ನಾನು, ಕತ್ತೆ."

"ಮತ್ತೆ ಇಷ್ಟು ವರ್ಷ ಗೋಡೆ ತುಂಬ ತೆಗೆದಿದ್ಯಲ್ಲ, ಅದೆಲ್ಲ?"

"ಅದೂ ತಿರುವೇ. ಗ್ಯಾಸ್ಕೆಟ್ಟು ಮಗುಚಿ ಹಾಕಿದ್ರೂ ಕೂರುತ್ತೆ. ಅದಕ್ಕೆ ಸಿಕ್ಕಿ ಬಿದ್ದಿರ್ಲಿಲ್ಲ."

ಕೈ ತೊಳೆಯಲಿಲ್ಲ. ಎಡಗೈಯಲ್ಲಿ ಎರಡನೆಯ ಮತ್ತು ಮೂರನೆಯ ವೈರು ಕಿತ್ತಳು, ಅದಲು ಬದಲು ಸಿಕ್ಕಿಸಿದಳು. ಒಂದು ನಿಮಿಷವೂ ಹಿಡಿಯಲಿಲ್ಲ. ನಾದಿನಿ ಚಾವಿ ತಿರುಗಿಸಿದಳು. ಎಂಜಿನ್ನು ಒಂದು ಸಲ ಗಂಟಲು ಸರಿಮಾಡಿಕೊಂಡು, ನಿನ್ನೆ ಏನೂ ನಡೆದೇ ಇಲ್ಲವೆಂಬಂತೆ, ಹೊಲಿಗೆ ಮೆಷಿನ್ನಿನ ಹದದಲ್ಲಿ ಓಡತೊಡಗಿತು. ಕೆಮ್ಮು ಕೂಡ ಇರಲಿಲ್ಲ.

ಸದ್ದು ಕೇಳಿ ಡಾಕ್ಟ್ರು ಓಡಿ ಬಂದ. ಅವನ ಹೆಗಲ ಮೇಲೆ ಎಳೆಯುವ ಹಗ್ಗವಿತ್ತು. ಏನೇ ಆಗಲಿ ತಪಾಸಣೆಯ ಗೇಟಿನವರೆಗಾದರೂ ಎಳೆದುಕೊಂಡು ಹೋಗಿ ಕೈಕಾಲು ಹಿಡಿದು ಕೇಳೋಣ ಎಂದು ಬಂದಿದ್ದ. ಹಿಂದೆ ಬೀದಿ ಇದ್ದೇ ಇತ್ತು.

"ಹೆಂಗಾಯ್ತಕ್ಕ? ಕಾರ್ಬೊರೇಟರಾ?"

ಅಲ್ಲಿ ಅವಳು ಹೂಂ ಅಂದಿದ್ದರೆ ಮುಗಿದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೆರವಣಿಗೆಯ ಮುಂದೆ ಬಾವುಟ ಹಿಡಿದು ಎದೆಯೊಡ್ಡಿ ನಡೆಯುವ ಎಷ್ಟೋ ಮಂದಿಗೆ, 'ತಪ್ಪು ನನ್ನದು' ಎಂಬ ಎರಡು ಮಾತು ಆಡುವಾಗ ನಾಲಿಗೆ ಹೊರಳುವುದಿಲ್ಲ. ಮೊಳೆಯಕ್ಕ ಮಸಿಯ ಅಂಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಕಾರ್ಬೊರೇಟರು ಅಲ್ಲ, ವಾಲ್ವು ಅಲ್ಲ. ವೈರು ತಪ್ಪು ಹಾಕಿದ್ದೆ. ನೀನು ಮೊದಲೇ ಹೇಳ್ದೆ, ನಾನು ಕಾಗದ ತೋರಿಸಿ ನಿನ್ನ ಬಾಯಿ ಮುಚ್ಚಿಸ್ದೆ. ಕಾಗದಾನೇ ತಿರುವಿತ್ತು."

ಡಾಕ್ಟ್ರು ಹಗ್ಗ ಕೆಳಗಿಟ್ಟ. "ನಾನೂ ನೋಡಿದ್ನಲ್ಲಕ್ಕ ಆ ಕಾಗದ. ನನಗೂ ಹೊಳೀಲಿಲ್ಲ."

"ನೀನು ತಾಳೆ ನೋಡಿದ್ದು ನನ್ನ ತಪ್ಪಿಗೆ ನನ್ನ ತಪ್ಪನ್ನೇ. ಅದಕ್ಕೆ ಅದು ನಿನಗೂ ಸರಿ ಕಾಣ್ತು. ಸರಿ, ಜಾಗ ಬಿಡಿ, ಹೊತ್ತಾಯ್ತು."

ತಪಾಸಣೆಯ ಅಂಗಳದಲ್ಲಿ ಮಿರುಗುವ ಗಾಡಿಗಳ ನಡುವೆ ಅವಳ ಕಾರು ಮದುವೆಗೆ ಬಂದ ಅಜ್ಜಿಯ ಹಾಗೆ ನಿಂತಿತು. ಅಧಿಕಾರಿ ಮೂವತ್ತರ ಆಸುಪಾಸಿನ ಹುಡುಗ. ದೀಪ ಹಾಕಿಸಿದ, ಆರಿಸಿದ. ಏರಿನ ಮೇಲೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಸಿ, ಹಿಂದಿನಿಂದ ಕೈ ಹಾಕಿ ಜಗ್ಗಿಯೂ ನೋಡಿದ. ಕಾರು ಬಂಡೆಯಂತೆ ಕೂತಿತ್ತು. ಹೊಗೆಯ ಕೊಳವೆಗೆ ಯಂತ್ರ ಸಿಕ್ಕಿಸಿದ. ಮುಳ್ಳು ಮೇಲೆ ಹೋಯಿತು, ತಡೆಯಿತು, ಕೆಂಪು ಗೆರೆಯ ಕೆಳಗೇ ನಿಂತಿತು. ಕಾರಿನೊಳಗೆ ಕೂತಿದ್ದ ನಾದಿನಿ ಅಷ್ಟು ಹೊತ್ತೂ ಉಸಿರು ಬಿಟ್ಟಿರಲಿಲ್ಲ. ಆಮೇಲೆ ಅವಳು ಬಿಟ್ಟ ಉಸಿರಿಗೆ ಗಾಜು ಮಂಜಾಯಿತು.

ಅಧಿಕಾರಿ ಮೇಜಿನ ಮೇಲೆ ಫಾರಂ ಇಟ್ಟು ಪೆನ್ನು ತೆಗೆದ. "ರಿಪೇರಿ ಮಾಡಿದ ಗ್ಯಾರೇಜು ಯಾವುದಮ್ಮಾ?"

"ಮನೆ."

"ಅಲ್ಲಮ್ಮ, ಮೆಕ್ಯಾನಿಕ್ ಯಾರು ಅಂತ."

"ನಾನೇ."

ಅವನು ಅವಳ ಮುಖ ನೋಡಿದ. ಆಮೇಲೆ ಮಸಿ ಮೆತ್ತಿದ ಕೈ ನೋಡಿದ. ಏನು ತಿಳಿದುಕೊಂಡನೋ, ಪಾಪ, ಮೇಜಿನ ಮೇಲಿದ್ದ ಇಂಕ್ ಪ್ಯಾಡನ್ನು ಮೆಲ್ಲನೆ ಅವಳ ಕಡೆ ಸರಿಸಿದ. "ಸಹಿ ಬರದಿದ್ರೆ ಹೆಬ್ಬೆಟ್ಟು ಒತ್ತಬಹುದಮ್ಮ, ಪರವಾಗಿಲ್ಲ."

ಕಾರಿನಿಂದಿಳಿದು ಬಂದಿದ್ದ ನಾದಿನಿ ನಗು ತಡೆಯಲು ಅಂಗಿಯ ತೋಳಿನಲ್ಲಿ ಬಾಯಿ ಮುಚ್ಚಿಕೊಂಡಳು.

ಮೊಳೆಯಕ್ಕನಿಗೆ ಕೋಪ ಬರಲಿಲ್ಲ. ಫಾರಮ್ಮನ್ನು ತನ್ನ ಕಡೆ ತಿರುಗಿಸಿಕೊಂಡು ಕೆಳಗಿನ ಬಲಮೂಲೆಯ ಮೇಲೆ ಚಪ್ಪಟೆ ಹೆಬ್ಬೆರಳಿಟ್ಟಳು. ಅಲ್ಲಿ ಚೌಕಟ್ಟಿನ ಗೆರೆ ಅಕ್ಕಿಕಾಳಿನಷ್ಟು ಮುರಿದಿತ್ತು.

"ಇಲ್ಲಿ ಗೆರೆ ಮುರಿದಿದೆ, ಕಾಣ್ತಾ ತಮ್ಮಾ? ಇಪ್ಪತ್ತೈದು ವರ್ಷದ ಹಿಂದೆ ಈ ಫಾರಂ ಜೋಡಿಸಿದ್ದು ನಾನು. ಗೆರೆ ಒತ್ತೋ ಹಿತ್ತಾಳೆ ಪಟ್ಟಿ ಮುರಿದಿದೆ, ಬೇರೆ ಕೊಡಿ ಅಂತ ಕೇಳಿದ್ದಕ್ಕೆ ಮಾಲೀಕ, ಯಾರು ನೋಡ್ತಾರೆ ಹಾಕಮ್ಮ ಅಂದ. ನೀವು ಇನ್ನೂ ಅದನ್ನೇ ನಕಲು ಮಾಡ್ತಾ ಇದ್ದೀರಿ. ಕೊಡು ಪೆನ್ನು."

ಅವನು ಕೊಟ್ಟ. 'ಗ್ಯಾರೇಜು' ಎಂಬಲ್ಲಿ 'ಸ್ವಂತ' ಎಂದು ಬರೆದು ಸಹಿ ಹಾಕಿದಳು. ಅಕ್ಷರ ಅಚ್ಚು ಹೊಡೆದ ಹಾಗಿತ್ತು. ಹುಡುಗ 'ಎಡ ವೈಪರ್ ಸವೆದಿದೆ, ಬದಲಿಸುವುದು' ಎಂದು ಕೆಳಗೆ ಬರೆದು, ಪಾಸ್ ಎಂದು ಠಸ್ಸೆ ಹೊಡೆದ. ಏನಾದರೊಂದು ಬರೆಯದಿದ್ದರೆ ಅಧಿಕಾರಿಯಾದದ್ದಕ್ಕೆ ಏನರ್ಥ? ಆದರೆ ಎಡ ವೈಪರ್ ಸವೆದದ್ದು ನಿಜವೇ ಆಗಿತ್ತು. ಅವಳು ತಕರಾರು ಮಾಡಲಿಲ್ಲ.

ಮನೆಗೆ ಬಂದವಳು ಮೊದಲು ಹೋದದ್ದು ಹಿಂದಿನ ಕೋಣೆಗೆ. ಟೋಪಿಯ ಪ್ರೂಫನ್ನು ಗೋಡೆಯಿಂದ ಕಿತ್ತು, ಕಿಟಕಿಯ ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿದಳು. ಮಸಿ ಕಾಗದದಲ್ಲಿ ಇಳಿದು ಆಚೆ ಬದಿಗೂ ಮಂಕಾಗಿ ಕಾಣುತ್ತಿತ್ತು. ಒಂದು, ಮೂರು, ನಾಲ್ಕು, ಎರಡು. ಅದನ್ನು ಮಗುಚಿ, ಬೆನ್ನು ಹೊರಗಾಗಿ ಚುಚ್ಚಿದಳು. ಆಮೇಲೆ ಪಕ್ಕದ್ದು. ಅದರ ಪಕ್ಕದ್ದು. ಹದಿನೇಳು ವರ್ಷದ ಕಾಗದಗಳನ್ನು ಒಂದೊಂದಾಗಿ ಮಗುಚತೊಡಗಿದಳು.

ನಾದಿನಿ ಬಾಗಿಲಲ್ಲಿ ನಿಂತು ನೋಡಿದಳು. "ಏನತ್ತಿಗೆ, ಎಲ್ಲಾನೂ ಗೋಡೆ ಕಡೆ ಮುಖ ಮಾಡಿಸಿ ನಿಲ್ಸಿದೀಯಾ? ಶಿಕ್ಷೆನಾ?"

"ಶಿಕ್ಷೆ ಅಲ್ಲ. ಈಗ ಸರಿಯಾಗಿ ನಿಂತಿವೆ."

"ಕೈ ಆದ್ರೂ ತೊಳ್ಕೋತೀಯಾ?"

"ಸಂಜೆ ತೊಳೀತೀನಿ. ರಿಜಿಸ್ಟರು ಎತ್ತಿಡು ಹಿಂದಿನ ಸೀಟಿಗೆ. ಶಾಲೆ ಬಾಗಿಲು ಹಾಕೋದ್ರೊಳಗೆ ಕೊಟ್ಟು ಬರೋಣ" ಎಂದು ಮೊಳೆಯಕ್ಕ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಮುಂದಿನ ಕಾಗದಕ್ಕೆ ಚುಚ್ಚಿದಳು.